ಸಾಲ್ಸಿಡೊನ ಮೊಣಕೈ

ಶೈಲಜಾಗೆ ಬೇಸ್‌ಬಾಲಿನ ಹುಚ್ಚು ಹಿಡಿದದ್ದು ಫ್ರೀವೇ ಮೇಲೆ. ಫ್ರೀಮಾಂಟಿನ ಅಪಾರ್ಟ್‌ಮೆಂಟಿನಿಂದ ಕೊಲ್ಲಿಯ ಆಚೆ ದಡದ ಆಫೀಸಿಗೆ ಹೋಗಿಬರಲು ದಿನಕ್ಕೆ ಎರಡೂವರೆ ಗಂಟೆ ಕಾರಿನಲ್ಲೇ ಕಳೆಯುತ್ತಿತ್ತು. ಮೈಸೂರಿನಿಂದ ತಂದಿದ್ದ ಕ್ಯಾಸೆಟ್ಟುಗಳು ಕೇಳಿ ಕೇಳಿ ಸವೆದ ಮೇಲೆ ರೇಡಿಯೋ ಹಾಕಿದಳು. ಸಂಜೆಯಾದರೆ ಅದರಲ್ಲಿ ಪೆಲಿಕನ್ಸ್ ತಂಡದ ಆಟದ ವೀಕ್ಷಕ ವಿವರಣೆ. ಮೊದಲ ವರ್ಷ ತಲೆಬುಡ ತಿಳಿಯಲಿಲ್ಲ. ಎರಡನೆಯ ವರ್ಷ ಮನೆ ಮುಟ್ಟಿದ ಮೇಲೂ ಕಾರಿನಿಂದಿಳಿಯದೆ ಪಾರ್ಕಿಂಗಿನಲ್ಲೇ ಕೂತು ಕೇಳತೊಡಗಿದಳು. ಗಂಡ ಅಚ್ಯುತ ಮೇಲಿನ ಕಿಟಕಿಯಿಂದ ನೋಡಿ, ಇದು ಬೇಗ ಮುಗಿಯುವಂಥದ್ದಲ್ಲ ಎಂದು ತಾನೇ ಅನ್ನಕ್ಕಿಡುತ್ತಿದ್ದ.

ಪೆಲಿಕನ್ಸ್ ಅಭಿಮಾನಿಗಳು ಹರಟುವುದಕ್ಕೆಂದೇ ಇಂಟರ್‌ನೆಟ್ಟಿನಲ್ಲಿ ಒಂದು ತಾಣವಿತ್ತು. ರಸಲ್ ಎಂಬ ನಿವೃತ್ತ ಪೋಸ್ಟ್‌ಮನ್ ಅದನ್ನು ಶುರುಮಾಡಿದ್ದ. ಶೈಲಜಾ ಮನಸ್ಸಿನಲ್ಲಿ ಅದಕ್ಕೆ ಕಟ್ಟೆ ಎಂದು ಹೆಸರಿಟ್ಟಿದ್ದಳು. ಅರಳಿಕಟ್ಟೆಯ ಮೇಲೆ ನಡೆಯುವುದೆಲ್ಲ ಅಲ್ಲೂ ನಡೆಯುತ್ತಿತ್ತು: ಮಾಲೀಕ ತಂಡವನ್ನು ಬೇರೆ ಊರಿಗೆ ಒಯ್ಯುತ್ತಾನಂತೆ, ಕೋಚ್ ಕುಡಿದು ಬರುತ್ತಾನಂತೆ, ಅವನಿಗೂ ಇವನಿಗೂ ಮಾತಿಲ್ಲವಂತೆ. ತೊಂಬತ್ತೊಂಬತ್ತರಲ್ಲಿ ರಸಲ್ ಮಗಳ ಮನೆ ಸೇರಲು ಆರೆಗಾನಿಗೆ ಹೊರಟಾಗ, ಎಲ್ಲರಿಗಿಂತ ತಾಳ್ಮೆಯಿಂದ ಬರೆಯುತ್ತಿದ್ದ ‘ಸ್ಕೋರ್‌ಬುಕ್’ ಎಂಬ ಹೆಸರಿನವರಿಗೆ ಉಸ್ತುವಾರಿ ಒಪ್ಪಿಸಿದ. ಆ ಸ್ಕೋರ್‌ಬುಕ್ ಶೈಲಜಾ. ಆಫೀಸಿನಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವುದು ಅವಳ ಕಸುಬು; ಕಟ್ಟೆಯಲ್ಲಿ ಹೊಲಸು ಮಾತು ಅಳಿಸುವುದು, ಕೈಕೈ ಮಿಲಾಯಿಸುವಂತಿದ್ದವರನ್ನು ದೂರ ಕೂರಿಸುವುದು. ಅಲ್ಲಿನವರೆಲ್ಲ ಅವಳನ್ನು ವಯಸ್ಸಾದ ಗಂಡಸು ಎಂದೇ ತಿಳಿದಿದ್ದರು. ಅವಳೂ ತಿದ್ದಲು ಹೋಗಲಿಲ್ಲ.

ಭಾನುವಾರದ ಆಟಗಳಿಗೆ ಅವಳ ಜೊತೆಗಾರ ತಿರುಮಲೇಶ. ಹಾಸನದ ಕಡೆಯವನು, ಫ್ರೀಮಾಂಟಿಗೆ ಹತ್ತಿರದ ಡಬ್ಲಿನ್‌ನಲ್ಲಿ ಮನೆ, ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಂಆರ್‌ಐ ಯಂತ್ರ ನಡೆಸುವ ಕೆಲಸ. ಎರಡು ಸಾವಿರನೆಯ ಇಸವಿಯ ಏಪ್ರಿಲ್‌ನಲ್ಲಿ ಕ್ರಿಕೆಟ್ಟಿನ ಮೋಸದಾಟದ ಸುದ್ದಿ ಬಯಲಾದಾಗ ಅವನು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲವಂತೆ. ಹೆಂಡತಿ ಇಂಚರಾ, ಹೀಗೇ ಬಿಟ್ಟರೆ ಕೆಡುತ್ತಾನೆಂದು ಶೈಲಜಾಗೆ ಫೋನು ಮಾಡಿ, ನಿಮ್ಮ ಆಟಕ್ಕೆ ಇವರನ್ನೂ ಕರೆದುಕೊಂಡು ಹೋಗಿ ಎಂದಳು. ಅಂದಿನಿಂದ ಇಂಚರಾಳೂ ಸೇರಿ ಮೂವರೂ ಮೇಲಂತಸ್ತಿನ ಅಗ್ಗದ ಸೀಟುಗಳಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿ ಕೂರುವುದು ರೂಢಿಯಾಯಿತು. ಅವನು ಅವಳನ್ನು ಅಕ್ಕ ಎನ್ನುತ್ತಿದ್ದ. ಸ್ಕೋರ್‌ಬುಕ್ ಯಾರೆಂಬುದೂ ಅವನಿಗೆ ಗೊತ್ತಿತ್ತು.

ಆ ವರ್ಷ ತಂಡದ ಕಣ್ಮಣಿ ರೂಬೆನ್ ಸಾಲ್ಸಿಡೊ. ಇಪ್ಪತ್ಮೂರರ ಪಿಚರ್, ಕ್ರಿಕೆಟ್ಟಿನ ಬೌಲರ್ ಇದ್ದ ಹಾಗೆ, ಬ್ಯಾಟಿನವನಿಗೆ ಚೆಂಡೆಸೆಯುವವನು. ಮೆಕ್ಸಿಕೋದಿಂದ ಬಂದವನು, ಎಡಗೈಯವನು, ಇಂಗ್ಲಿಷು ಅಷ್ಟಕ್ಕಷ್ಟೆ. ಮೇ ತಿಂಗಳವರೆಗೆ ಅವನ ಚೆಂಡು ಯಾರ ಬ್ಯಾಟಿಗೂ ಸಿಗುತ್ತಿರಲಿಲ್ಲ. ಜೂನ್‌ನಲ್ಲಿ ವೇಗ ಇಳಿಯಿತು. ಜುಲೈ ಹೊತ್ತಿಗೆ ಕಂಡಕಂಡವರೆಲ್ಲ ಅವನ ಚೆಂಡನ್ನು ಬಾರಿಸತೊಡಗಿದರು. ಕಟ್ಟೆಯವರಿಗೆ ಸಿಟ್ಟು. ದುಡ್ಡು ಕಂಡ ಮೇಲೆ ಮೈಗಳ್ಳನಾದ ಎಂದರು, ಮೋಜು ಹೆಚ್ಚಾಯಿತು ಎಂದರು. ಶೈಲಜಾ ಕೂಡ ಒಂದು ಸೋಲಿನ ಮರುದಿನ, ಸೋಮಾರಿತನಕ್ಕೆ ಯಾವ ಕೋಚೂ ಮದ್ದು ಕೊಡಲಾರ ಎಂದು ಬರೆದಳು. ನಲವತ್ತು ಜನ ಭೇಷ್ ಎಂದರು.

ಜುಲೈ ಮೂರನೆಯ ವಾರ, ಒಂದು ಮಂಗಳವಾರ ಮಧ್ಯಾಹ್ನ ಅವಳು ಆಫೀಸಿನಲ್ಲಿ ಡಬ್ಬಿ ತೆರೆಯುವಾಗ ಕಟ್ಟೆಯಲ್ಲಿ ಹೊಸ ಹೆಸರೊಂದು ಕಾಣಿಸಿತು. ನಾಲ್ಕೇ ಸಾಲು. ಸಾಲ್ಸಿಡೊನನ್ನು ಬೈಯಬೇಡಿ, ಅವನ ಮೊಣಕೈಯೊಳಗೆ ಮೂಳೆಗಳನ್ನು ಹಿಡಿದಿಡುವ ಕಟ್ಟು ಅರ್ಧ ಹರಿದಿದೆ, ತಂಡಕ್ಕೆ ಎರಡು ವಾರದಿಂದ ಗೊತ್ತು, ಆಟಗಾರರ ಅದಲುಬದಲಿಗೆ ಗಡುವಾದ ತಿಂಗಳ ಕೊನೆಯೊಳಗೆ ಅವನನ್ನು ಬೇರೆ ತಂಡಕ್ಕೆ ಕೊಟ್ಟು ಇನ್ನೊಬ್ಬನನ್ನು ತರುವ ಆಸೆಗೆ ಮುಚ್ಚಿಟ್ಟು ಆಡಿಸುತ್ತಿದ್ದಾರೆ. ಅಷ್ಟು ಬರೆದವನು ಮತ್ತೆ ಬರಲಿಲ್ಲ.

ಸಂಜೆಯೊಳಗೆ ಅದರ ಕೆಳಗೆ ನಾನೂರು ಉತ್ತರ. ಮರುದಿನ ಪತ್ರಿಕೆಯಲ್ಲಿ ಸುದ್ದಿ. ಕ್ಲಬ್ಬಿನ ವಕ್ತಾರ ಇದೆಲ್ಲ ಕಟ್ಟುಕಥೆ ಎಂದ. ಆದರೆ ಕಟ್ಟುಕಥೆಗೆ ಯಾರೂ ವಕೀಲರನ್ನು ಹಚ್ಚುವುದಿಲ್ಲ. ಶುಕ್ರವಾರ, ತಾಣದ ನೋಂದಣಿಯಲ್ಲಿದ್ದ ವಿಳಾಸ ಹಿಡಿದು, ಶೈಲಜಾಳ ಮನೆಗೆ ಅವರ ಕೊರಿಯರ್ ಬಂತು. ಬರೆದವನ ವಿವರ ಹತ್ತು ದಿನದೊಳಗೆ ಕೊಡಬೇಕು, ಇಲ್ಲವಾದರೆ ತಾಣ ನಡೆಸುವವರೇ ಹೊಣೆ.

ಅಚ್ಯುತ ಪತ್ರವನ್ನು ಎರಡು ಸಲ ಓದಿದ. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ಹದಿನಾಲ್ಕು ತಿಂಗಳಾಗಿತ್ತು, ಇನ್ನೂ ಬಂದಿರಲಿಲ್ಲ.

“ಕೊಟ್ಬಿಡು ಶೈಲೂ. ಯಾರೋ ಏನೋ ಬರೆದಿದ್ದಕ್ಕೆ ನಾವ್ಯಾಕೆ ಕೋರ್ಟು ಅಲೀಬೇಕು?”

ಮೊದಲು ಅದು ಯಾರೆಂದು ನೋಡುತ್ತೇನೆ ಎಂದಳು. ಬರೆದವನು ಸುಳ್ಳು ಹೆಸರು ಕೊಟ್ಟಿದ್ದ. ಆದರೆ ಯಾವ ಕಂಪ್ಯೂಟರಿನಿಂದ ಬಂದ ಬರಹ ಎಂಬುದಕ್ಕೆ ಅಂಕಿಗಳ ಗುರುತೊಂದು ಉಳಿದಿರುತ್ತದೆ. ಆ ಅಂಕಿಗಳನ್ನು ಅವಳು ಎಲ್ಲೋ ನೋಡಿದ್ದಳು. ತಪ್ಪು ಹುಡುಕುವವರ ಕಣ್ಣಿಗೆ ಇಂಥದ್ದು ಅಂಟಿಕೊಂಡುಬಿಡುತ್ತದೆ. ಕನ್ನಡ ಕೂಟದ ಪಿಕ್ನಿಕ್ಕಿಗೆ ಯಾರು ಏನು ತರಬೇಕೆಂದು ತಿರುಮಲೇಶ ತನ್ನ ಕೆಲಸದ ಜಾಗದಿಂದ ಕಳಿಸಿದ್ದ ಇ-ಮೇಲ್ ತೆಗೆದು ನೋಡಿದಳು. ಎರಡರ ಅಂಕಿಗಳೂ ಒಂದೇ.

ಆ ದಿನದ ಪತ್ರಿಕೆಯಲ್ಲಿ ಸಾಲ್ಸಿಡೊನ ಮಾತೂ ಬಂದಿತ್ತು. ಊರಿನ ರೇಡಿಯೋದಲ್ಲಿ ಸುದ್ದಿ ಕೇಳಿ ತಾಯಿ ಅಳುತ್ತ ಫೋನು ಮಾಡಿದಳಂತೆ. ಬರೀ ಊತ ಎಂದಿದ್ದಾರೆ, ಇನ್ನೇನೂ ಇಲ್ಲ ಎಂದು ತಾನು ಆಣೆ ಮಾಡಿ ಹೇಳಿದೆ ಎಂದಿದ್ದ. ಶೈಲಜಾ ಅದನ್ನು ಓದಿ, ಕಟ್ಟೆಯಲ್ಲಿದ್ದ ಆ ನಾಲ್ಕು ಸಾಲನ್ನು ಅಳಿಸಿದಳು. ಅಷ್ಟರಲ್ಲಿ ಅದು ಊರೂರು ಸುತ್ತಿ ಬಂದಿತ್ತು ಎಂಬುದು ಅವಳಿಗೂ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಲೇಕ್ ಎಲಿಜಬೆತ್ ದಂಡೆಗೆ ಬಾ ಎಂದು ತಿರುಮಲೇಶನನ್ನು ಕರೆದಳು. ಅವನು ಒಬ್ಬನೇ ಬಂದ. ಬಾತುಗಳಿಗೆ ಬ್ರೆಡ್ಡು ಹಾಕುತ್ತಿದ್ದ ಮಕ್ಕಳಿಂದ ದೂರ, ಒಂದು ಬೆಂಚಿನ ಮೇಲೆ ಕೂತರು.

“ಅದು ಬರೆದಿದ್ದು ನೀನಲ್ವಾ?” ಎಂದು ಕೇಳಿದಳು.

ಅವನು ಇಲ್ಲವೆನ್ನಲಿಲ್ಲ. ಜೂನ್ ಕೊನೆಯಲ್ಲಿ ಸಾಲ್ಸಿಡೊನನ್ನು ಹಿಂದಿನ ಬಾಗಿಲಿಂದ ಕರೆತಂದಿದ್ದರಂತೆ. ಯಂತ್ರದೊಳಗೆ ಮಲಗಿಸಿದವನು, ಕೈಯನ್ನು ದಿಂಬಿನ ಮೇಲೆ ಇಟ್ಟವನು ತಿರುಮಲೇಶನೇ. ಮುಗಿದ ಮೇಲೆ ಹುಡುಗ ಅಂಗಿ ಹಾಕಿಕೊಳ್ಳುತ್ತ, ಹೇಗಿದೆ ಎಂದು ಹುಬ್ಬಿನಲ್ಲೇ ಕೇಳಿದ. ಫಲಿತಾಂಶ ಹೇಳಬೇಕಾದವರು ಡಾಕ್ಟರು. ಯಂತ್ರ ನಡೆಸುವವನು ಬಾಯಿ ಬಿಡುವ ಹಾಗಿಲ್ಲ. ತಿರುಮಲೇಶ ಸುಮ್ಮನೆ ನಕ್ಕ. ಆದರೆ ಎಂಟು ವರ್ಷದಿಂದ ಚಿತ್ರ ನೋಡಿದ ಕಣ್ಣಿಗೆ ಹರಿದದ್ದು ತಿಳಿಯದೆ ಇರುತ್ತದೆಯೆ? ವಾರವಾದ ಮೇಲೆ ಡಾಕ್ಟರ ವರದಿಯಲ್ಲೂ ಹಾಗೆಯೇ ಇತ್ತು. ವರದಿ ಒಯ್ಯಲು ಬಂದ ಕ್ಲಬ್ಬಿನವನು, ತಿಂಗಳ ಕೊನೆಯ ತನಕ ಇದು ಹೊರಗೆ ಹೋಗಕೂಡದು, ಹುಡುಗನಿಗೂ ಊತ ಅಂತಲೇ ಹೇಳಿದ್ದೇವೆ ಎಂದು ಕೌಂಟರಿನ ಮುಂದೆ ನಿಂತೇ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ. ಅದಾದ ಮೇಲೂ ಹುಡುಗನನ್ನು ನಾಲ್ಕು ಆಟ ಆಡಿಸಿದರು.

“ಎಲ್ಲಾ ಸೇರ್ಕೊಂಡು ಸೋಮಾರಿ ಸೋಮಾರಿ ಅಂತಿದ್ರು. ನೀನೂ ಬರೆದೆ ಅಕ್ಕ. ತಡೆಯಕ್ಕಾಗಲಿಲ್ಲ.”

“ನಾನು ಬರೆದಿದ್ದು ತಪ್ಪೇ. ಆದ್ರೆ ನೀನು ಅವನೊಬ್ಬನ್ನ ಬಿಟ್ಟು ಊರಿಗೆಲ್ಲ ಹೇಳಿದೆ.”

“ಅವನಿಗೆ ಹೇಳಕ್ಕೆ ರೂಲ್ಸ್ ಬಿಡಲ್ಲ.”

“ಊರಿಗೆ ಹೇಳಕ್ಕೆ ಬಿಡತ್ತಾ?”

ತಿರುಮಲೇಶ, ಕ್ಲಬ್ಬಿನವರು ತನ್ನ ಹೆಸರು ಕೇಳಿದ್ದಾರಾ ಎಂದ. ಕೇಳಿದ್ದಾರೆ, ನಾನು ಕೊಡುವುದಿಲ್ಲ ಎಂದಳು. ಅದನ್ನು ಕೇಳಿಯೂ ಅವನ ಮುಖ ಸಡಿಲವಾಗಲಿಲ್ಲ. ಸೆಂಟರಿನಲ್ಲಿ ಆಗಲೇ ವಿಚಾರಣೆ ಶುರುವಾಗಿತ್ತು. ಅಲ್ಲಿದ್ದ ಫಿಲಿಪೀನ್ಸಿನ ಹೆಂಗಸೊಬ್ಬಳು ಅಂದು ಸಾಲ್ಸಿಡೊನ ಹಸ್ತಾಕ್ಷರ ಕೇಳಿ ಪಡೆದಿದ್ದಳು. ಗುಮಾನಿಯೆಲ್ಲ ಅವಳ ಮೇಲೆ ಬಿದ್ದು, ಎರಡು ದಿನದಿಂದ ಅವಳನ್ನು ಕೆಲಸಕ್ಕೆ ಬರಬೇಡ ಎಂದಿದ್ದರು. ಶೈಲಜಾ ಹೀಗೆ ಮಾಡು, ಹಾಗೆ ಮಾಡು ಎನ್ನಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಮ್ಯಾನೇಜರಿನ ಎದುರು ಕೂತು ಬರೆದವನು ತಾನೇ ಎಂದ. ಮಧ್ಯಾಹ್ನದೊಳಗೆ ಅವನ ಬೀರುವಿನ ಸಾಮಾನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹೊರಗೆ ಬಂತು. ಅವನ ಕೆಲಸದ ಲೈಸೆನ್ಸಿನ ವಿಚಾರಣೆ ಐದು ತಿಂಗಳು ನಡೆದು, ಕೊನೆಗೆ ಛೀಮಾರಿ ಹಾಕಿ ಬಿಟ್ಟರು. ಕ್ಲಬ್ಬಿನ ವಕೀಲರಿಗೆ ಶೈಲಜಾ ಕೊಡಬೇಕಿದ್ದ ವಿವರ ಬೇಕಾಗಲೇ ಇಲ್ಲ. ಆದರೂ ಅವಳು ಎರಡು ಸಾಲಿನ ಉತ್ತರ ಬರೆದು, ಕೇಳಿದ್ದನ್ನು ಕೊಡಲಾರೆ ಎಂದು ತನ್ನ ನಿಜವಾದ ಹೆಸರಿನಲ್ಲಿ ಸಹಿ ಮಾಡಿ ಕಳಿಸಿದಳು. ಅಚ್ಯುತ ಆ ಪತ್ರವನ್ನು ಪೋಸ್ಟಿಗೆ ಹಾಕಿ ಬಂದ. ಎರಡು ದಿನ ಅವಳ ಜೊತೆ ಹೆಚ್ಚು ಮಾತಾಡಲಿಲ್ಲ.

ಸಾಲ್ಸಿಡೊ ಬೇರೆ ಡಾಕ್ಟರಿಗೆ ಕೈ ತೋರಿಸಿದ. ಹರಿದದ್ದು ನಿಜವೆಂದಾಯಿತು. ಅವನನ್ನು ತೆಗೆದುಕೊಳ್ಳಬೇಕಿದ್ದ ತಂಡ ಹಿಂದೆ ಸರಿಯಿತು. ಆಗಸ್ಟ್‌ನಲ್ಲಿ ಆಪರೇಷನ್ ಆಯಿತು. ಕ್ಲಬ್ಬು ತಪ್ಪೊಪ್ಪಲಿಲ್ಲ. ಕಟ್ಟೆಯಲ್ಲಿ ತಿಂಗಳುಗಟ್ಟಲೆ ವಾದ: ಬಯಲು ಮಾಡಿದವನು ಹುಡುಗನ ಕೈ ಉಳಿಸಿದ ಎಂದು ಒಂದು ಗುಂಪು, ರೋಗಿಯ ಗುಟ್ಟು ಮಾರಿದ ದ್ರೋಹಿ ಎಂದು ಇನ್ನೊಂದು. ಅವನು ದುಡ್ಡಿಗೆ ಮಾರಿದ ಎಂದು ಬರೆದವರೂ ಇದ್ದರು. ಶೈಲಜಾ ಅವನ್ನೆಲ್ಲ ಓದಿದಳು, ಹೊಲಸು ಮಾತಿದ್ದವನ್ನಷ್ಟೆ ಅಳಿಸಿದಳು. ತನ್ನ ಹಳೆಯ ಬರಹದ ಕೆಳಗೆ, ಗೊತ್ತಿಲ್ಲದೆ ಬರೆದೆ, ತಪ್ಪಾಯಿತು ಎಂದು ಸೇರಿಸಿದಳು. ಅದಕ್ಕೆ ಯಾರೂ ಭೇಷ್ ಎನ್ನಲಿಲ್ಲ.

ಇಂಚರಾ ಸಂಕ್ರಾಂತಿಯವರೆಗೂ ಫೋನು ಮಾಡಲಿಲ್ಲ. ಎಳ್ಳುಬೆಲ್ಲ ಹಿಡಿದು ಶೈಲಜಾ ತಾನೇ ಡಬ್ಲಿನ್‌ಗೆ ಹೋದಾಗ, ಬಾಗಿಲು ತೆರೆದು ಒಂದು ಗಳಿಗೆ ನಿಂತು, ಒಳಗೆ ಬನ್ನಿ ಎಂದಳು. ತಿರುಮಲೇಶ ಆ ಹೊತ್ತಿಗೆ ಒಂದು ಪಶುವೈದ್ಯರ ಆಸ್ಪತ್ರೆ ಸೇರಿದ್ದ. ಕುದುರೆಗಳ ಕಾಲಿನ ಎಕ್ಸ್‌ರೇ ತೆಗೆಯುವ ಕೆಲಸ.

ಮರುವರ್ಷ ಆಗಸ್ಟ್‌ನಲ್ಲಿ ಸಾಲ್ಸಿಡೊ ಮತ್ತೆ ಚೆಂಡು ಹಿಡಿದ. ದೊಡ್ಡ ಮೈದಾನದಲ್ಲಲ್ಲ, ಬೆಟ್ಟದಾಚೆಯ ಸಣ್ಣ ಊರಿನಲ್ಲಿ, ಕಿರಿಯರ ತಂಡದ ಜೊತೆ, ಕೈ ಪರೀಕ್ಷೆಗೆಂದು. ಶೈಲಜಾ, ತಿರುಮಲೇಶ ಇಬ್ಬರೂ ಕಾರು ಹೊಡೆದುಕೊಂಡು ಹೋದರು. ಸಾಲ್ಸಿಡೊ ಹದಿನೆಂಟು ಚೆಂಡು ಎಸೆದು ಇಳಿದ. ಆಟ ಮುಗಿದ ಮೇಲೆ ಬೇಲಿಯ ಬಳಿ ನಿಂತು ಜನರಿಗೆ ಸಹಿ ಹಾಕುತ್ತಿದ್ದ. ನೀನು ಕಾರಿನಲ್ಲಿರು ಎಂದು ಹೇಳಿ ತಿರುಮಲೇಶ ಆ ಸಾಲಿನಲ್ಲಿ ಹೋಗಿ ನಿಂತ. ಕಾಲು ಗಂಟೆಯ ಮೇಲೆ ಬರಿಗೈಯಲ್ಲಿ ವಾಪಸು ಬಂದ.

“ನೀನೇ ಅಂತ ಹೇಳಿದ್ಯಾ?” ಎಂದು ಕೇಳಿದಳು.

“ಹೇಳಬೇಕು ಅಂತಲೇ ಹೋದೆ. ಅವನಿಗೆ ನನ್ನ ಗುರುತು ಸಿಗಲಿಲ್ಲ. ನೋವಿದೆಯಾ ಅಂತ ಕೇಳಿದೆ. ಬೆಳಿಗ್ಗೆ ಎದ್ದಾಗ ಸ್ವಲ್ಪ ಹಿಡಿಯತ್ತೆ ಅಂದ. ಹಿಂದೆ ಮಕ್ಕಳು ಕಾಯ್ತಿದ್ರು, ಬಂದ್ಬಿಟ್ಟೆ.”

ಶೈಲಜಾ ಕಾರು ತೆಗೆದಳು. ಬೆಟ್ಟದ ತಿರುವುಗಳಲ್ಲಿ ಟ್ರಾಫಿಕ್ಕು ಆಗಲೇ ಗಟ್ಟಿಯಾಗಿತ್ತು. ಡಬ್ಲಿನ್ ಮುಟ್ಟಲು ಒಂದೂವರೆ ಗಂಟೆ ಹಿಡಿಯಿತು.