ನನ್ನ ಕಣ್ಣು, ಬೆಳ್ಳಮ್ಮನ ತಲೆಗೆ

ಅರ್ಧ ಮಾತು ಆಡಿ ಎದ್ದು ಹೋಗುವವರನ್ನು ಕಂಡರೆ ನನಗೆ ಆಗುವುದಿಲ್ಲ. ಪೂರ್ತಿ ಬೈದರೂ ಪರವಾಗಿಲ್ಲ, ತಿರುಗಿಸಿ ಬೈಯಲು ಏನಾದರೂ ಸಿಗುತ್ತದೆ.

ನಾನು ದುದ್ದದ ಮರಿಯಯ್ಯ. ಮಂಡ್ಯದ ಬೆಲ್ಲದ ಮಾರ್ಕೆಟ್ಟಿನಲ್ಲಿ ಹರಾಜು ಕೂಗುತ್ತಿದ್ದವನು. ಹುಟ್ಟಿದಾಗಿನಿಂದ ನನ್ನ ಎರಡು ಕಣ್ಣುಗುಡ್ಡೆಗಳೂ ಅತ್ತ ಇತ್ತ ಆಡುತ್ತಲೇ ಇರುತ್ತವೆ. ನಾನು ಆಡಿಸುವುದಲ್ಲ, ತಾವೇ ಆಡುತ್ತವೆ. ಮುಖವನ್ನು ಒಂದಿಷ್ಟು ಎಡಕ್ಕೆ ತಿರುಗಿಸಿದರೆ ಸುಮ್ಮನಾಗುತ್ತವೆ, ಆಗ ಎದುರಿನದು ಚೆನ್ನಾಗಿ ಕಾಣುತ್ತದೆ. ಹರಾಜಿನಲ್ಲಿ ಇದರಿಂದ ಅನುಕೂಲವೇ ಆಯಿತು. ಯಾರನ್ನು ನೋಡುತ್ತಿದ್ದೇನೆಂದು ಯಾರಿಗೂ ತಿಳಿಯದು. ಪ್ರತಿಯೊಬ್ಬ ವರ್ತಕನೂ ತನ್ನನ್ನೇ ಎಂದುಕೊಂಡು ರೇಟು ಏರಿಸುತ್ತಿದ್ದ.

ಗಂಡಸಿನ ಮುಖದಲ್ಲಿದ್ದರೆ ಅದು ತಮಾಷೆ. ಹೆಂಗಸಿನ ಹೊಟ್ಟೆಯಿಂದ ಬಂದರೆ ಅಪರಾಧ. ನನ್ನ ಮಗಳು ಬೆಳ್ಳಮ್ಮನನ್ನು ಬಸರಾಳಿಗೆ ಕೊಟ್ಟೆ. ಅವಳ ಕಣ್ಣು ನೆಟ್ಟಗಿವೆ, ಆದರೆ ಅವಳ ಮಗ ಮಹದೇವುಗೆ ನನ್ನ ಕಣ್ಣೇ ಬಂದವು. ಬಸುರಿಯಾಗಿದ್ದಾಗ ಗ್ರಹಣದ ಹೊತ್ತು ಕರು ಕಟ್ಟಲು ಹೊರಗೆ ಬಂದಿದ್ದಳಂತೆ, ಅದರಿಂದಲೇ ಹೀಗಾಯಿತೆಂದು ಗಂಡನ ಮನೆಯವರು ತೀರ್ಮಾನಿಸಿದರು.

"ನಂದೂ ಹಿಂಗೇ ಆಡ್ತಾವಲ್ರಪ್ಪಾ," ಎಂದೆ.

"ನಿಮ್ದು ಬುಡಿ, ಅದು ಹುಟ್ಟುಗುಣ," ಎಂದರು.

ಹೋದ ವರ್ಷ ಸಂಶೋಧನೆಯವರು ಬಂದರು. ಡಾಕ್ಟರ್ ತರನ್ನುಮ್ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು ನಮ್ಮ ಮನೆತನದವರ ರಕ್ತ ತೆಗೆದುಕೊಂಡಳು, ಕಣ್ಣಾಡುವುದನ್ನು ವಿಡಿಯೊ ಮಾಡಿಕೊಂಡಳು. ಈ ವರ್ಷ ಮತ್ತೆ ಬಂದು ದುದ್ದದ ಶಾಲೆಯ ಮೈದಾನದಲ್ಲಿ ಮೈಕು ಹಿಡಿದು, ಇದು ಗ್ರಹಣದ ದೋಷವಲ್ಲ, ವಂಶವಾಹಿಯಲ್ಲಿ ಆಗಿರುವ ಬದಲಾವಣೆ, ಗಂಡುಮಕ್ಕಳಿಗೆ ತಾಯಿಯಿಂದ ಬರುತ್ತದೆ ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಶೋಧನೆಯವರು ಕಾಫಿ ಕುಡಿದು ಜೀಪು ಹತ್ತಿದರು, ಹೋದರು. 'ತಾಯಿಯಿಂದ ಬರುತ್ತದೆ' ಎಂಬ ಆ ತುಂಡನ್ನು ಮಾತ್ರ ಯಾರೋ ಪುಣ್ಯಾತ್ಮ ಮೊಬೈಲಿನಲ್ಲಿ ಹಿಡಿದು ಹರಿಯಬಿಟ್ಟ.

ಅದು ಭಾರತೀನಗರಕ್ಕೆ ಮುಟ್ಟಿತು. ಬೆಳ್ಳಮ್ಮನ ಮಗಳು ಪ್ರಿಯಾಂಕಳನ್ನು ಕೊಟ್ಟಿರುವುದು ಅಲ್ಲಿಗೆ. ಅವಳು ಚೊಚ್ಚಲ ಬಸುರಿ, ಸೀಮಂತಕ್ಕೆ ನಾವೆಲ್ಲ ಹೋಗಿದ್ದೆವು. ಮೊದಲ ಬಳೆಯನ್ನು ಹೆತ್ತ ತಾಯಿ ತೊಡಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಬೆಳ್ಳಮ್ಮ ಹಸಿರು ಬಳೆ ಹಿಡಿದು ಚಪ್ಪರದೊಳಗೆ ಬರುವಾಗ ಪ್ರಿಯಾಂಕಳ ಅತ್ತೆ ಶಶಿರೇಖಾ ಅಡ್ಡ ನಿಂತಳು.

"ಬೀಗ್ತಮ್ಮ, ನೀನು ಊಟಕ್ಕೆ ಕೂತ್ಕೊ. ಬಳೆಗೆ ಕೈ ಆಕ್ಬ್ಯಾಡ."

ಬೆಳ್ಳಮ್ಮ ಅಲ್ಲೇ ನಿಂತಳು. ಇಷ್ಟು ವರ್ಷ ದೂರು ಕೇಳಿ ಕೇಳಿ ಯಾಕೆಂದು ಕೇಳುವುದನ್ನೇ ಬಿಟ್ಟಿದ್ದಾಳೆ ಅವಳು. ನಾನು ಕೇಳಿದೆ.

"ಡಾಕ್ಟ್ರೇ ಮೈಕಲ್ಲಿ ಯೋಳವ್ರಲ್ಲ ತಾತ, ತಾಯಿಂದ ಬತ್ತದೆ ಅಂತ," ಎಂದಳು ಶಶಿರೇಖಾ. "ಗ್ರಹಣದ ದೋಸ ಆಗಿದ್ರೆ ಸಾಂತಿ ಮಾಡುಸ್ಬೋದಿತ್ತು. ಇದುಕ್ಕೆ ಏನ್ ಮಾಡಾನ, ನೀವೇ ಯೋಳಿ."

ನನ್ನ ಮೈ ಉರಿದುಹೋಯಿತು. ಮೊಮ್ಮಗ ಮಹದೇವು ಪಕ್ಕದಲ್ಲೇ ಇದ್ದ. ರಕ್ತ ತೆಗೆದ ದಿನ ಡಾಕ್ಟರು ಕೊಟ್ಟ ನಂಬರು ಅವನ ಹತ್ತಿರ ಇತ್ತು, ಫೋನು ಮಾಡಿ ಎಲ್ಲರಿಗೂ ಕೇಳುವ ಹಾಗೆ ಇಡು ಎಂದೆ.

"ಡಾಕ್ಟ್ರಮ್ಮ, ತಾಯಿಂದ ಬತ್ತದೆ ಅಂದ್ಯಲ್ಲ, ನನ್ನ ಮಗಳಿಗೆ ಎಲ್ಲಿಂದ ಬಂತವ್ವ?"

"ನಿಮ್ಮಿಂದಲೇ ತಾತ. ತಂದೆಗೆ ಇದ್ರೆ ಅವರ ಎಲ್ಲಾ ಹೆಣ್ಣುಮಕ್ಕಳಿಗೂ ಹೋಗೇ ಹೋಗುತ್ತೆ. ಅವರಲ್ಲಿ ತೋರಿಸಿಕೊಳ್ಳದೇ ಇರಬಹುದು. ಅವರ ಮಕ್ಕಳಿಗೆ ಬಂದರೆ ಬರಬಹುದು, ಬರದೇನೂ ಇರಬಹುದು. ಯಾರ ತಪ್ಪೂ ಇಲ್ಲ ಇದರಲ್ಲಿ."

"ಮತ್ತೆ ಇದುನ್ನ ಮೈಕಲ್ಲಿ ಯಾಕೆ ಯೋಳ್ನಿಲ್ಲ?"

"ಟೈಮ್ ಇರಲಿಲ್ಲ ತಾತ."

"ರಕ್ತ ತೆಗಿಯಕೆ ಇಡೀ ದಿನ ಇತ್ತು," ಎಂದು ಫೋನು ಇಡಿಸಿದೆ.

ಶಶಿರೇಖಾ ಬಗ್ಗಲಿಲ್ಲ. "ಎಲ್ಲಿಂದಾರಾ ಬಂದಿರ್ಲಿ ತಾತ, ಒಳ್ಳೆ ಕೆಲ್ಸದಲ್ಲಿ ಯಾಕೆ ಬೇಕು?"

"ಅಂಗಾದ್ರೆ ಈಗ ತಾನೆ ಹಿರೀಕ ಅಂತ ಮುಂದ್ಕೆ ಕರೆದು ನನ್ನ ಕೈಲಿ ಅಕ್ಷತೆ ಆಕುಸ್ದಲ್ಲವ್ವ. ಕೊಟ್ಟೋನು ಒಳಗೆ ಆಸೀರ್ವಾದ ಮಾಡ್ಬೇಕು, ಇಸ್ಕೊಂಡೋಳು ಆಚೆ ನಿಂತ್ಕಬೇಕು. ಇದ್ಯಾವ ನ್ಯಾಯ? ಬಾ, ಮೊದ್ಲು ನನ್ನ ಅಕ್ಷತೆನ ಆ ಮಗಿನ ತಲೆಯಿಂದ ಆಯ್ದು ಬಿಸಾಕು."

ಬಳೆಗಾರ ಗೌಸ್ ಪೀರ್ ಪ್ರಿಯಾಂಕಳ ಕೈ ಹಿಡಿದು ಅಳತೆ ನೋಡುತ್ತಿದ್ದವನು ಹಾಗೇ ಕೂತಿದ್ದ. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡು ಸೆರಗಿನೊಳಗೆ ಇಟ್ಟುಕೊಂಡಳು.

"ಅವ್ವ ತೊಡ್ಸೋಗಂಟ ಯಾರೂ ತೊಡುಸ್ಬ್ಯಾಡಿ ಅತ್ತೆ," ಎಂದಳು.

"ಬೇಗ ಒಂದು ತೀರ್ಮಾನಕ್ಕೆ ಬನ್ನಿ ಅಮ್ಮಾ," ಎಂದ ಗೌಸ್ ಪೀರ್. "ಮದ್ದೂರಲ್ಲಿ ಇನ್ನೊಬ್ಳು ಬಸುರಿ ಕಾಯ್ತಾ ಅವ್ಳೆ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಶಶಿರೇಖಾ ಸೆರಗು ಕೊಡವಿ ಪಕ್ಕಕ್ಕೆ ಸರಿದಳು. ತಪ್ಪಾಯಿತು ಎನ್ನಲಿಲ್ಲ. "ಮಗಾ ಉಟ್ಲಿ, ಆಮ್ಯಾಕೆ ಕಣ್ಣು ನೋಡಾನ," ಎಂದಳು. ನೋಡಲಿ. ಆಡಿದರೆ ನನ್ನವೇ ಆಡುತ್ತವೆ. ಅವಕ್ಕೆ ಒಡೆಯ ಇನ್ನೂ ಬದುಕಿದ್ದಾನೆ.

ಬೆಳ್ಳಮ್ಮ ಮಗಳ ಮುಂದೆ ಕೂತು ಬಳೆ ಏರಿಸಿದಳು. ಗೆಣ್ಣಿನ ಹತ್ತಿರ ಸ್ವಲ್ಪ ಬಿಗಿಯಾಯಿತು. ಪ್ರಿಯಾಂಕ ಕೈ ಸಡಿಲ ಬಿಟ್ಟಳು.

ಡಾಕ್ಟರ ಪೂರ್ತಿ ಮಾತನ್ನು ಮಹದೇವು ಫೋನಿನಲ್ಲಿ ಹಿಡಿದಿದ್ದ. ಗೊತ್ತಿರುವವರಿಗೆಲ್ಲ ಕಳಿಸಿದ. ಮೊದಲಿನ ತುಂಡು ಮಳವಳ್ಳಿಯನ್ನೂ ದಾಟಿತ್ತು. ಇದನ್ನು ಒಬ್ಬರೂ ಮುಂದಕ್ಕೆ ಕಳಿಸಲಿಲ್ಲ. ಅದಕ್ಕೇ ನಾನೇ ಬಾಯಿಬಿಟ್ಟು ಹೇಳುತ್ತಿದ್ದೇನೆ. ಹರಾಜು ಕೂಗಿದ ಗಂಟಲು, ಇನ್ನೂ ಕೆಟ್ಟಿಲ್ಲ.