ಫಿದೆನ್ಸಿಯೊ ಕುಡಿದಿರಲಿಲ್ಲ

"ಏನ್ಲಾ ಬೋಳಿಮಗನೆ, ದ್ರಾಕ್ಷಿ ಕೀಳಾಕ್ ಬಂದಿದ್ದೀಯೊ ನೀರು ಕುಡಿಯಾಕ್ ಬಂದಿದ್ದೀಯೊ? ಗಳಿಗೆಗೊಂದ್ ಸಲ ಬಂದ್ ನಿಂತ್ಕಂಡ್ರೆ ಬುಟ್ಟೀನ ನಿಮ್ಮಪ್ಪ ಬಂದ್ ತುಂಬ್ತಾನ?"

ಮೇಸ್ತ್ರಿ ನಿಕಾನೋರ್ ಹೀಗೆ ಬೈದದ್ದು ಫಿದೆನ್ಸಿಯೊನನ್ನು. ಅವನು ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ನೀರು ಕುಡಿಯದೆ ಸಾಲಿಗೆ ವಾಪಸು ಬಂದ. ಬೆಳಿಗ್ಗೆ ನೀರಿನ ಕ್ಯಾನು ನಮ್ಮ ಸಾಲಿನ ತುದಿಯಲ್ಲೇ ಇತ್ತು. ನಾವು ಹೆಚ್ಚು ಕುಡಿಯುತ್ತೇವೆಂದು ಹನ್ನೊಂದು ಗಂಟೆಗೆ ಮೇಸ್ತ್ರಿ ಅದನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಹೋಗಿ ತೋಟದ ಆ ಕೊನೆಯಲ್ಲಿ ನಿಲ್ಲಿಸಿದ್ದ. ಹೋಗಿ ಬರಲು ಕಾಲು ಗಂಟೆ ಬೇಕು. ಬಿಸಿಲು ನಲವತ್ತೆರಡು ಡಿಗ್ರಿ.

ನಾನು ಪಕ್ಕದ ಸಾಲಿನಲ್ಲಿದ್ದೆ. ಒಂದು ಗಂಟೆಯ ಹೊತ್ತಿಗೆ ಬಳ್ಳಿಯ ಆ ಕಡೆಯಿಂದ ಫಿದೆನ್ಸಿಯೊ, "ಅಣ್ಣ, ಒಂದ್ ಗುಟುಕೈತಾ?" ಅಂದ. ನನ್ನ ಬಾಟಲಿಯಲ್ಲಿ ಎರಡು ಗುಟುಕಿತ್ತು. ಸಂಜೆವರೆಗೆ ನನಗೆ ಬೇಕಲ್ಲ ಎಂದು, "ಖಾಲಿ ಕಣ್ಲಾ" ಅಂದೆ. ಇದನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ಒಂದೂವರೆಗೆ ಅವನು ಬಿದ್ದ. ಕತ್ತರಿ ಕೈಯಲ್ಲೇ ಇತ್ತು. ಮೈ ಕೆಂಡದಂತೆ ಸುಡುತ್ತಿತ್ತು, ಒಂದು ಹನಿ ಬೆವರಿಲ್ಲ. ಆಂಬುಲೆನ್ಸ್ ಕರೆಯೋಣ ಅಂದರೆ ನಿಕಾನೋರ್ ಫೋನು ಜೇಬಿಗಿಟ್ಟುಕೊಂಡ.

"ಆಂಬುಲೆನ್ಸ್ ಹಿಂದೇನೇ ಪೊಲೀಸ್ ಬತ್ತಾರೆ, ಈ ದೇಸ್ದಲ್ಲಿರಾಕ್ ಪೇಪರ್ ಕೇಳ್ತಾರೆ. ಯಾರತ್ರ ಐತೆ ಪೇಪರು? ನಿಮ್ಮತ್ರ ಐತಾ, ಕೊಂಪಾದ್ರೆ?"

ನನ್ನ ಹತ್ತಿರವೂ ಇರಲಿಲ್ಲ. ನಮ್ಮನ್ನು ಕೆಲಸಕ್ಕೆ ಕರೆತರುವ ವ್ಯಾನಿನ ನೆರಳಿನಲ್ಲಿ ಮಲಗಿಸಿ, ಒದ್ದೆ ಬಟ್ಟೆ ಹಾಕಿ, ಮುಕ್ಕಾಲು ಗಂಟೆ ಕಾದು, ಕೊನೆಗೆ ಅದರಲ್ಲೇ ಆಸ್ಪತ್ರೆಗೆ ಒಯ್ದೆವು. ಆಸ್ಪತ್ರೆಯವರು ನೋಡಿದ್ದು ಹೆಣವನ್ನು.

ನಿಕಾನೋರ್ ಎಲ್ಲರನ್ನೂ ನಾಯಿಗಿಂತ ಕಡೆಯಾಗಿ ಬೈಯುವವನು; ನನ್ನನ್ನು ಮಾತ್ರ ಬಹುವಚನದಲ್ಲಿ ಮಾತನಾಡಿಸುತ್ತಿದ್ದ. ಆರು ವರ್ಷದ ಹಿಂದೆ ನನ್ನ ಮಗಳ ತಲೆಗೆ ನೀರು ಹಾಕಿಸಿ ಜ್ಞಾನಸ್ನಾನ ಮಾಡಿಸಿದಾಗ ಅವಳನ್ನು ಎತ್ತಿಕೊಂಡು ಜ್ಞಾನತಂದೆಯಾಗಿ ನಿಂತವನು ಅವನು. ಅಂದಿನಿಂದ ಅವನು ನನಗೆ ಕೊಂಪಾದ್ರೆ, ನಾನು ಅವನಿಗೆ ಕೊಂಪಾದ್ರೆ. ನಮ್ಮಲ್ಲಿ ಒಡಹುಟ್ಟಿದವರಾದರೂ ಬೀದಿಯಲ್ಲಿ ಜಗಳವಾಡಿಯಾರು, ಕೊಂಪಾದ್ರೆಗಳು ಆಡುವ ಹಾಗಿಲ್ಲ. ದೇವರ ಮುಂದೆ ಕಟ್ಟಿಕೊಂಡ ನಂಟು. ಆ ಬೇಸಿಗೆಯ ಹೊತ್ತಿಗೆ ಅವನ ಕೈಕೆಳಗಿದ್ದ ನಮ್ಮ ಕೂಲಿ ಬಿಡಾರದ ಹನ್ನೊಂದು ಮಕ್ಕಳಿಗೆ ನಿಕಾನೋರ್ ಜ್ಞಾನತಂದೆಯಾಗಿದ್ದ. ಆ ಹನ್ನೊಂದು ಮನೆಗಳಿಂದ ಅವನ ಮೇಲೆ ಒಂದು ದೂರೂ ಹೋಗಿರಲಿಲ್ಲ. ಆ ಜ್ಞಾನಸ್ನಾನಗಳ ಪಟ್ಟಿ ಬರೆದವನು, ಅಪ್ಪ ಅಮ್ಮಂದಿರನ್ನು ಒಪ್ಪಿಸಿದವನು, ಚರ್ಚಿನ ಉಪದೇಶಿ ಎನಿಸಿಕೊಂಡ ಈ ಎವಾರಿಸ್ತೊ, ಅಂದರೆ ನಾನೇ.

ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಕಾನೋರ್ ನನ್ನ ಹೆಗಲ ಮೇಲೆ ಕೈ ಹಾಕಿದ. "ರಾತ್ರಿಯೆಲ್ಲ ಕುಡ್ದಿದ್ದ ಅಂದ್ಬುಡಿ, ಕೊಂಪಾದ್ರೆ. ಸತ್ತೋನಿಗೆ ಅದ್ರಿಂದ ಏನಾಯ್ತದೆ?"

ತೋಟದ ಆಫೀಸಿನವರಿಗೆ ಹಾಗೇ ಹೇಳಿದೆ. ಅಷ್ಟರಲ್ಲಿ ನಮ್ಮ ಚರ್ಚಿನ ಫಾದರ್ ಕೀಗನ್ ಓಡುತ್ತ ಬಂದರು. ಅವರಿಗೂ ಹಾಗೇ ಹೇಳಿದೆ.

ಹೇಳಿದ ನಾಲಗೆ ಬಿದ್ದು ಹೋಗಬೇಕಿತ್ತು. ಯಾಕೆಂದರೆ ಆ ವರ್ಷ ಉಪವಾಸದ ತಪಸ್ಸು ಕಾಲದಲ್ಲಿ ಫಿದೆನ್ಸಿಯೊ ದೇವಮಾತೆ ಗ್ವಾದಲೂಪೆ ತಾಯಿಯ ಪಟದ ಮುಂದೆ ಮಂಡಿಯೂರಿ ಒಂದು ವರ್ಷ ಹೆಂಡ ಮುಟ್ಟುವುದಿಲ್ಲವೆಂದು ಆಣೆ ಮಾಡಿದ್ದ. ನಮ್ಮ ಗಂಡಸರು ಹೀಗೆ ಆಣೆ ಮಾಡಿ, ತಾಯಿಯ ಚಿತ್ರವಿರುವ ಚೀಟಿ ಪಡೆದು ಜೇಬಿನಲ್ಲಿಟ್ಟುಕೊಳ್ಳುತ್ತಾರೆ. ಯಾರಾದರೂ ಬಿಯರ್ ಚಾಚಿದರೆ ಚೀಟಿ ತೋರಿಸಿದರಾಯಿತು. ಎಂಥ ಕುಡುಕನೂ ಆಮೇಲೆ ಬಲವಂತ ಮಾಡುವುದಿಲ್ಲ. ಅವನ ಚೀಟಿಗೆ ಸಾಕ್ಷಿ ಹಾಕಿದ ಸಹಿ ನನ್ನದು. ಅವನು ಒಂದು ಹನಿ ಮುಟ್ಟಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಫಾದರ್ ಕೀಗನ್ ನಮ್ಮೂರಿಗೆ ಹೊಸಬರು. ಒಳ್ಳೆಯವರು. ಸ್ಪ್ಯಾನಿಷ್ ಭಾಷೆಯನ್ನು ಪುಸ್ತಕದಿಂದ ಕಲಿತವರು. ಬಿಡಾರದಲ್ಲಿ ನಾವೆಲ್ಲ ಗಡಿಯಾಚೆಯ ವಾಹಾಕಾದ ಬೆಟ್ಟದಿಂದ ಬಂದವರು; ನಮ್ಮ ಮನೆಮಾತು ಮಿಸ್ತೆಕ್, ಹೆಂಗಸರಿಗೆ ಸ್ಪ್ಯಾನಿಷ್ ಅಷ್ಟಾಗಿ ಬಾರದು. ಹಾಗಾಗಿ ಫಾದರ್ ಒಂದು ಮಾತು ಹೇಳಿ ನಿಲ್ಲಿಸುತ್ತಾರೆ, ನಾನು ಅದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

ಮಣ್ಣು ಮಾಡುವ ದಿನ ಫಾದರ್ ಚರ್ಚಿನಲ್ಲಿ ಹೆಣದ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಹೇಳಿದರು: "ನಮ್ಮ ಸಹೋದರನು ಮಾತೆಗೆ ಕೊಟ್ಟ ವಚನವನ್ನು ಉಳಿಸಿಕೊಳ್ಳಲಾರದೆ ಹೋದನು. ಮದ್ಯವು ಅವನನ್ನು ನಮ್ಮಿಂದ ಕಿತ್ತುಕೊಂಡಿತು. ನಾವು ಅವನನ್ನು ನಿಂದಿಸುವುದು ಬೇಡ, ಪ್ರಾರ್ಥಿಸೋಣ."

ಅವರ ಕಣ್ಣಲ್ಲಿ ನೀರಿತ್ತು. ನನಗೆ ಅದೇ ತಡೆಯಲಾಗಲಿಲ್ಲ. ಆದರೂ ಒಂದೊಂದೇ ಮಾತನ್ನು ನಮ್ಮ ಭಾಷೆಗೆ ತಂದೆ. ಮುಂದಿನ ಬೆಂಚಿನಲ್ಲಿ ಏಳು ತಿಂಗಳ ಬಸುರಿ ಎಲ್ಪಿದಿಯಾ, ಫಿದೆನ್ಸಿಯೊನ ಹೆಂಡತಿ, ನನ್ನ ಬಾಯನ್ನೇ ನೋಡುತ್ತ ಕೂತಿದ್ದಳು. ಹೊರಗೆ ಬಂದ ಮೇಲೆ ನನ್ನ ತೋಳು ಹಿಡಿದಳು.

"ಅಣ್ಣ, ಆ ಮಾತು ಸ್ವಾಮಿಯೋರ್ದಾ, ನಿಂದಾ?"

"ಸ್ವಾಮಿಯೋರ್ದೇ ಕಣವ್ವ."

"ಅವ್ರಿಗ್ ಯಾರ್ ಯೋಳಿದ್ರು?"

"ನಂಗೊತ್ತಿಲ್ಲ."

ಆ ಶನಿವಾರ ಪಾಪನಿವೇದನೆಗೆ ಹೋಗಿ ಎಲ್ಲ ಹೇಳಿಕೊಂಡೆ, ಇದೊಂದನ್ನು ಬಿಟ್ಟು.

ಗಂಡುಮಗು ಹುಟ್ಟಿತು. ಬಾಣಂತನ ಮುಗಿಯುವ ಮುಂಚೆಯೇ ಎಲ್ಪಿದಿಯಾ ಗಂಡನ ಸಾವಿನ ಬಗ್ಗೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಿಸಿದ್ದಳು, ಮುಂದಿನ ಬುಧವಾರ ವಿಚಾರಣೆ. ನಿಕಾನೋರ್ ನನ್ನನ್ನು ಪಿಕಪ್ಪಿನ ಪಕ್ಕಕ್ಕೆ ಕರೆದ.

"ಭಾನುವಾರ ಜ್ಞಾನಸ್ನಾನ ಇಕ್ಕಳಿ. ಮಗೀನ ನಾನೆತ್ಕತೀನಿ, ಅದುಕ್ಕೆ ಹಾಕೋ ಬಿಳಿ ಗೌನೂ ನಂದೇ. ಒಂದ್ಸಲ ಕೊಂಪಾದ್ರೆ ಆಗೋಯ್ತು ಅಂದ್ರೆ ಅವ್ಳು ಎಲ್ಲಿ ಬಾಯ್ ಬುಡ್ತಾಳೆ? ಒಲ್ಲೆ ಅಂದ್ರೆ ಕೋಣೆ ಖಾಲಿ ಮಾಡು ಅನ್ನಿ, ಹಾಳಾದೋಳಿಗೆ."

ಎಲ್ಪಿದಿಯಾ ಕಾವಲಿಯ ಮೇಲೆ ಜೋಳದ ರೊಟ್ಟಿ ತಿರುವಿ ಹಾಕುತ್ತಿದ್ದಳು. ನಾನು ಹೇಳಿದೆ. ಅವಳು ಸೀದ ರೊಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟಳು. ಆಮೇಲೆ, "ಆಗ್ಲಿ. ಭಾನುವಾರ ಬತ್ತೀನಿ ಅನ್ನು," ಅಂದಳು. ನನಗೆ ಹಗುರವಾಯಿತು. ನಾಚಿಕೆಯಾಗುತ್ತದೆ ಹೇಳಲು, ಆದರೆ ಹಗುರವಾಯಿತು.

ಭಾನುವಾರ ನಾಲ್ಕಕ್ಕೆ ಬಿಡಾರದ ಅಂಗಳದಲ್ಲಿ ಶಾಮಿಯಾನ, ಮಡಚುವ ಮೇಜು, ಸ್ಟೀಲಿನ ಬೋಗುಣಿಯಲ್ಲಿ ನೀರು. ನಿಕಾನೋರ್ ಇಸ್ತ್ರಿ ಅಂಗಿ, ಚೂಪು ಬೂಟು ಹಾಕಿಕೊಂಡು, ಬಿಳಿ ಗೌನು ತೊಡಿಸಿದ ಮಗುವನ್ನು ಎತ್ತಿಕೊಂಡು ನಿಂತ. ಫಾದರ್ ಕೇಳಿದರು: "ಸೈತಾನನನ್ನೂ ಅವನ ಎಲ್ಲ ಕಾರ್ಯಗಳನ್ನೂ ತ್ಯಜಿಸುತ್ತೀರಾ?"

"ತ್ಯಜಿಸ್ತೀನಿ!" ನಿಕಾನೋರ್ ಎಲ್ಲರಿಗಿಂತ ಮೊದಲು ಕೂಗಿದ.

ನಾನು ಪ್ರಶ್ನೆಯನ್ನು ತಾಯಿಗೆ ತಿಳಿಯುವಂತೆ ಹೇಳಿದೆ. ಎಲ್ಪಿದಿಯಾ ಮುಂದೆ ಬಂದಳು. ನಿಕಾನೋರನ ತೋಳಿನಿಂದ ಮಗುವನ್ನು ತೆಗೆದುಕೊಂಡಳು. ಗೌನಿನ ಗುಂಡಿ ಬಿಚ್ಚಿ, ತೆಗೆದು, ಮಡಚಿ ಮೇಜಿನ ಮೇಲಿಟ್ಟಳು. ಮಗುವನ್ನು ತನ್ನ ಶಾಲಿನಲ್ಲಿ ಸುತ್ತಿಕೊಂಡು ನಮ್ಮ ಭಾಷೆಯಲ್ಲಿ ಶುರುಮಾಡಿದಳು.

"ನನ್ ಗಂಡ ಕುಡೀನಿಲ್ಲ. ಬಾಯಾರ್ಕಂಡ್ ಸತ್ತ. ನೀರ್ನ ದೂರಕ್ ಒಯ್ದೋನು ಈ ಮೇಸ್ತ್ರಿ. ಕುಡ್ದಿದ್ದ ಅಂದೋನು ಈ ಉಪದೇಶಿ, ತೋಟದ ಆಫೀಸ್ನೋರೇ ಯೋಳಿದ್ರು. ಸತ್ತೋನ್ ತಲೆ ಮ್ಯಾಲೆ ಆಣೆ ಮುರ್ದ ಪಾಪ ಹೊರ್ಸಿ ಮಣ್ ಮಾಡವ್ರೆ. ಮೊದ್ಲು ಅದುನ್ನ ಇಳ್ಸಿ. ಆಮೇಲ್ ನನ್ ಮಗೀಗ್ ನೀರ್ ಹಾಕಿ. ಬುಧವಾರ ನಾನ್ ಹೋಗೇ ಹೋಯ್ತೀನಿ."

ಹಿಂದೆ ಕುರ್ಚಿಗಳಲ್ಲಿ ಕೂತಿದ್ದವರಿಗೆಲ್ಲ ಅರ್ಥವಾಗಿತ್ತು. ಅರ್ಥವಾಗದವರು ಇಬ್ಬರೇ: ಫಾದರ್, ಮತ್ತು ನಮ್ಮ ಮಾತು ಬಾರದ ನಿಕಾನೋರ್.

"ಏನಂತೆ, ಕೊಂಪಾದ್ರೆ? ಗೌನು ಬಿಗಿಯಾಯ್ತಂತಾ?" ನಿಕಾನೋರ್ ನಗುತ್ತ ಕೇಳಿದ. ನನ್ನ ಮುಖ ನೋಡಿ ನಗು ನಿಲ್ಲಿಸಿ, ಕಿವಿಯ ಹತ್ತಿರ ಬಂದ. "ನಿಮ್ ಮಗಳನ್ನ ಎತ್ಕಂಡಿದ್ ಕೈ ಇದು. ಗ್ಯಾನ ಇರ್ಲಿ."

ಫಾದರ್ ನನ್ನತ್ತ ತಿರುಗಿ ಕಾಯುತ್ತಿದ್ದರು. ಏನಾದರೊಂದು ಹೇಳಿ ತೇಲಿಸಬಹುದಿತ್ತು. ಮಗುವಿಗೆ ಹುಷಾರಿಲ್ಲವಂತೆ ಅಂದಿದ್ದರೂ ಅವರು ನಂಬುತ್ತಿದ್ದರು. ನಾನು ಏನು ಹೇಳಿದರೂ ನಂಬುತ್ತಿದ್ದರು.

ಅವಳು ಹೇಳಿದ್ದನ್ನು ಒಂದು ಮಾತು ಬಿಡದೆ ಹೇಳಿದೆ. ಫಾದರ್ ಮುಖ ಕೆಂಪಾಯಿತು. "ಆದರೆ ಎವಾರಿಸ್ತೊ, ಅವನು ಕುಡಿದಿದ್ದನೆಂದು ನೀವೇ ನನಗೆ ಹೇಳಿದಿರಲ್ಲ."

"ಸುಳ್ಳು ಹೇಳ್ದೆ, ಫಾದರ್. ಅವ್ನು ಆಣೆ ಮುರೀಲಿಲ್ಲ. ಬುಧವಾರ ಅಲ್ಲೂ ಹೋಗಿ ಇದ್ನೇ ಹೇಳ್ತೀನಿ."

"ಥೂ, ಬೇವರ್ಸಿ ನನ್ಮಗನೆ!" ನಿಕಾನೋರ್ ಉಗಿದ. ಆರು ವರ್ಷದಲ್ಲಿ ನನಗೆ ಮೊದಲ ಸಲ ಏಕವಚನ. "ನೀನೂ ಕೋಣೆ ಖಾಲಿ ಮಾಡ್ಲಾ." ಗೌನನ್ನು ಕಿತ್ತುಕೊಂಡು ಪಿಕಪ್ಪಿನ ಕಡೆ ನಡೆದ. ಯಾರೂ ಅವನ ಹಿಂದೆ ಹೋಗಲಿಲ್ಲ.

ಫಾದರ್ ಕೈಯಲ್ಲಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟರು. ಆಮೇಲೆ ಎಲ್ಪಿದಿಯಾಳ ಮುಂದೆ, ಆ ಕೆಂಪು ಮಣ್ಣಿನಲ್ಲಿ, ಮಂಡಿಯೂರಿ ಕ್ಷಮೆ ಕೇಳಿದರು. ಎದ್ದು, "ಹಾಗಾದರೆ ಈ ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ?" ಅಂದರು.

ನನಗೇ ತಿಳಿಯದಂತೆ ನನ್ನ ಎರಡೂ ಕೈ ಮುಂದಕ್ಕೆ ಚಾಚಿದ್ದವು. ಎಲ್ಪಿದಿಯಾ ಅವುಗಳನ್ನು ನೋಡಿದಳು, ನನ್ನನ್ನು ನೋಡಿದಳು, ಎರಡೇ ಮಾತು ಹೇಳಿದಳು.

"ಏನು ಹೇಳಿದರು ಅವರು?" ಫಾದರ್ ಕೇಳಿದರು.

"'ಇವ್ನೂ ಬ್ಯಾಡ' ಅಂತಾಳೆ, ಫಾದರ್," ಎಂದು ನಾನೇ ಹೇಳಿದೆ.