ಬಟ್ಟೆಯ ಇನ್ನೊಂದು ತುದಿ

ಮಗಳ ಎಡಗಡೆಯ ಜಡೆ ಮುಗಿದು ರಿಬ್ಬನ್ನು ಕಟ್ಟಿಯಾಗಿತ್ತು. ಬಲಗಡೆಯ ಕೂದಲನ್ನು ಮೂರು ಎಳೆ ಮಾಡಿ ಎರಡು ಸಲ ಹೆಣೆಯುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಬಾಯಲ್ಲಿ ಕಚ್ಚಿಕೊಂಡಿದ್ದ ಬಾಚಣಿಗೆಯನ್ನು ತೆಗೆಯದೆಯೇ ಅವಳು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು.

"ನಾನು ಲಾಡ್ಜ್ ಮ್ಯಾನೇಜರ್ ಮಾತಾಡ್ತಿರೋದು. ನಿಮ್ಮಮ್ಮನ ಹತ್ರ ಒಗೆಯೋಕೆ ಕೊಡ್ತೀವಲ್ಲ. ಬಟ್ಟೆ ಗಂಟು ತಗೊಂಡು ಹೋಗೋಣ ಅಂತ ಬಂದಿದ್ದೆ." ಅಷ್ಟು ಹೇಳಿ ಅವರು ತಡೆದರು. "ಬಂದ್ಬಿಡಿ ತಾಯಿ. ಬೇಗ ಅಂತಲ್ಲ. ಇನ್ನು ಬೇಗ ಬಂದ್ರೂ ಅಷ್ಟೇ."

ಬಾಚಣಿಗೆ ಕೆಳಗೆ ಬಿತ್ತು.

"ಯಾರಮ್ಮ ಅದು? ಏನಂತೆ? ನನಗೆ ಸ್ಕೂಲಿಲ್ವಾ ಇವತ್ತು?" ಎಂದಳು ಪುಟ್ಟಿ.

ಆ ಮನೆಯಲ್ಲಿ ಒಂದು ಕಾನೂನಿತ್ತು. ಪುಟ್ಟಿ ಗಂಟೆಗೆ ಮೂರೇ ಪ್ರಶ್ನೆ ಕೇಳಬಹುದು. ಒಂಬತ್ತು ವರ್ಷದ ಹುಡುಗಿಯ ತಲೆಯಲ್ಲಿ ಪ್ರಶ್ನೆಗಳು ಹಾಲಿನ ನೊರೆಯಂತೆ ಉಕ್ಕುತ್ತಿದ್ದವು. ಹಾಗೊಂದು ಕಟ್ಟು ಹಾಕದಿದ್ದರೆ ಅಡುಗೆಯೂ ಆಗುತ್ತಿರಲಿಲ್ಲ, ಪಾತ್ರೆಯೂ ಬೆಳಗುತ್ತಿರಲಿಲ್ಲ. ಈ ಗಂಟೆಯ ಮೂರೂ ಒಂದೇ ಉಸಿರಿನಲ್ಲಿ ಮುಗಿದಿದ್ದವು.

"ಅಜ್ಜಿ ಹೋಗ್ಬಿಟ್ರು ಪುಟ್ಟಿ," ಎಂದಳು ಅವಳು. "ಇವತ್ತೊಂದಿನ ಏನೂ ಕೇಳ್ಬೇಡ. ನಿನ್ನ ದಮ್ಮಯ್ಯ."

ಪುಟ್ಟಿ ತುಟಿ ಒಳಗೆಳೆದುಕೊಂಡು ತಲೆ ಆಡಿಸಿದಳು. ಒಂದೇ ಜಡೆಯಲ್ಲಿ ಅವಳ ಹಿಂದೆ ಎರಡು ಬಸ್ಸು ಹತ್ತಿ ಇಳಿದಳು.

ಅವಳ ಅಮ್ಮನ ಮನೆ ಕಾಲುವೆಗೆ ಬೆನ್ನು ಮಾಡಿಕೊಂಡಿತ್ತು. ಎರಡು ಕೋಣೆ, ಹಿಂದೆ ಒಂದು ಅಂಗಳ, ನಲ್ಲಿ, ಕಲ್ಲು. ಮ್ಯಾನೇಜರು ಆಗಲೇ ಡಾಕ್ಟರನ್ನು ಕರೆಸಿ ಕಳಿಸಿದ್ದರು. ಅಮ್ಮನನ್ನು ಒಳಗೆ ಮಂಚದ ಮೇಲೆ ಮಲಗಿಸಿದ್ದರು. ಮುಖದಲ್ಲಿ ನೋವಿರಲಿಲ್ಲ, ಕೆಲಸದ ನಡುವೆ ಯಾರೋ ಕರೆದಾಗ "ಬಂದೆ ಇರಿ" ಅನ್ನುವಾಗಿನ ಮುಖವೇ ಇತ್ತು.

"ಅಂಗಳದಲ್ಲಿ ಕಲ್ಲಿಗೆ ಒರಗಿ ಕೂತಿದ್ರು," ಎಂದರು ಮ್ಯಾನೇಜರು. "ಸುಸ್ತಾಗಿ ಕೂತಿದಾರೆ ಅಂದ್ಕೊಂಡೆ. ಎರಡು ಸಲ ಮಾತಾಡಿಸಿದೆ. ಇಷ್ಟು ವರ್ಷಕ್ಕೆ ಒಂದೇ ಒಂದು ದಿನಾನೂ ಬಟ್ಟೆ ತಡ ಮಾಡಿದೋರಲ್ಲ."

ಅವಳು ಅಂಗಳಕ್ಕೆ ಹೋದಳು. ಅಲ್ಲಿನ ಕಂಬಕ್ಕೆ ಒಂದು ಕಬ್ಬಿಣದ ಕೊಕ್ಕೆ ಹೊಡೆದಿತ್ತು. ಲಾಡ್ಜಿನ ಬಿಳಿ ಬೆಡ್‌ಶೀಟಿನ ಒಂದು ತುದಿ ಆ ಕೊಕ್ಕೆಗೆ ಗಂಟು ಹಾಕಿಕೊಂಡು ನೇತಾಡುತ್ತಿತ್ತು. ಅರ್ಧ ಹಿಂಡಿದ ಬಟ್ಟೆ, ಹಾಕಿದ ತಿರುವು ಪೂರಾ ಬಿಚ್ಚಿಕೊಳ್ಳದೆ ಹಾಗೇ ನಿಂತಿತ್ತು. ಇನ್ನೊಂದು ತುದಿ ನೆಲದ ಮೇಲೆ ಬಿದ್ದಿತ್ತು.

ಅವಳು ಅದನ್ನು ಮುಟ್ಟಲಿಲ್ಲ.

*

ದೊಡ್ಡ ಬೆಡ್‌ಶೀಟನ್ನು ಒಬ್ಬರೇ ಹಿಂಡುವುದು ಸುಲಭವಲ್ಲ. ಅದಕ್ಕೆ ಇಬ್ಬರು ಬೇಕು. "ಎದುರುಬದುರು ನಿಂತು ಇಬ್ರೂ ಅವರವರ ಬಲಕ್ಕೆ ತಿರುಗಿಸ್ಬೇಕು," ಎಂದು ಅಮ್ಮ ಹೇಳಿಕೊಟ್ಟಿದ್ದಳು. "ಆಮೇಲೆ ನಾವೇನೂ ಮಾಡೋ ಹಾಗಿಲ್ಲ. ಬಟ್ಟೇನೇ ನೀರು ಬಿಡುತ್ತೆ. ನಿನ್ನ ತುದಿ ಮಾತ್ರ ಕೈಬಿಡ್ಬೇಡ." ಆರು ವರ್ಷಕ್ಕೇ ಅವಳು ಆ ಇನ್ನೊಂದು ತುದಿಯಾಗಿದ್ದಳು.

ಆಗೆಲ್ಲ ಒಗೆಯುತ್ತಿದ್ದದ್ದು ಹಿಂದಿನ ಕಾಲುವೆಯಲ್ಲಿ. ಮೇಲ್ಗಡೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಬೀದಿಯ ಎಲ್ಲ ಮನೆಯಿಂದಲೂ ಅಲ್ಲಿಗೆ ಒಬ್ಬರಾದರೂ ಕೆಲಸಕ್ಕೆ ಹೋಗುತ್ತಿದ್ದರು. ಎದುರುಮನೆಯಾತ ಅಲ್ಲಿ ಮೇಸ್ತ್ರಿ. ವಾರಕ್ಕೆ ನಾಲ್ಕು ದಿನ ಕಾಲುವೆ ಕೆಂಪಾಗಿ ಹರಿಯುತ್ತಿತ್ತು. ಅಂಥ ದಿನ ನೀರಿಗಿಳಿದ ಮಕ್ಕಳಿಗೆ ಮೈಯೆಲ್ಲ ಗಂದೆ ಏಳುತ್ತಿತ್ತು. ತಾಯಂದಿರು ಎಣ್ಣೆ ಹಚ್ಚಿ ಸುಮ್ಮನಾಗುತ್ತಿದ್ದರು. ಅನ್ನ ಕೊಡುವ ಕಡೆಯಿಂದಲೇ ಬರುವ ಬಣ್ಣ, ಯಾರನ್ನು ಬೈಯುವುದು?

ಆಮೇಲೆ ಸಿನಿಮಾದವರು ಬಂದರು. ಹಾಡು, ಹೊಡೆದಾಟದ ಸಿನಿಮಾ ಅಲ್ಲ, ಸಾಕ್ಷ್ಯಚಿತ್ರ. ಕೂದಲು ಗಿಡ್ಡ ಕತ್ತರಿಸಿಕೊಂಡಿದ್ದ ಒಬ್ಬ ಹೆಂಗಸು, ಕ್ಯಾಮೆರಾ ಹೊತ್ತ ಒಬ್ಬ, ಉದ್ದನೆ ಕೋಲಿಗೆ ಮೈಕು ಕಟ್ಟಿಕೊಂಡ ಇನ್ನೊಬ್ಬ. ಅಮ್ಮ ಅವರ ಮುಂದೆ ಸೆರಗು ಸರಿ ಮಾಡಿಕೊಂಡು ಹೇಳಿದಳು: "ನಾನು ಬಿಳೀದು ತಗೊಂಡು ಬರ್ತೀನಿ, ಕಾಲುವೆ ಕೆಂಪು ಮಾಡಿ ಕೊಡುತ್ತೆ. ಕಾರ್ಖಾನೇಲಿ ಇದಕ್ಕೇ ಸಂಬಳ ಕೊಡ್ತಾರೆ, ನನಗೆ ಬೈಗುಳ ಕೊಡ್ತಾರೆ." ಮೈಕಿನವನು ಕಿಸಕ್ಕನೆ ನಕ್ಕುಬಿಟ್ಟದ್ದರಿಂದ ಅದನ್ನು ಎರಡನೇ ಸಲ ಹೇಳಬೇಕಾಯಿತು.

ಆದರೆ ಕಾಲುವೆಯ ದೃಶ್ಯ ತೆಗೆಯಬೇಕಾದ ದಿನ ನೀರು ತಿಳಿಯಾಗಿತ್ತು. ಕಲ್ಲು ಕಾಣುವಷ್ಟು ತಿಳಿ. ಸಿನಿಮಾದವರು ಸಾಯಂಕಾಲದ ಬಸ್ಸಿಗೆ ಹೊರಡುವವರು. ಹೆಂಗಸು ಕಣ್ಣು ಕಿರಿದಾಗಿಸಿ ನೀರನ್ನೂ ಗಡಿಯಾರವನ್ನೂ ನೋಡಿದರು. ಹಿಂದಿನ ದಿನ ಕೆಂಪಾಗಿ ಹಾಳಾಗಿದ್ದ ಬೆಡ್‌ಶೀಟು ಬಕೆಟ್ಟಿನಲ್ಲಿತ್ತು.

"ನಿನ್ನೆ ಏನಾಯ್ತೋ ಅದನ್ನೇ ಇವತ್ತು ಒಂದ್ಸಲ ಮಾಡಿ ತೋರಿಸಿ ಅಕ್ಕ. ಸುಳ್ಳೇನಲ್ವಲ್ಲ."

"ನೀರು ತಿಳಿಯಾಗಿದೆಯಲ್ಲಮ್ಮ ಇವತ್ತು," ಎಂದಳು ಅಮ್ಮ.

"ನೀರು ಕಾಣಲ್ಲ, ಬಟ್ಟೆ ಅಷ್ಟೇ ಕಾಣೋದು."

ಅಮ್ಮ ಬಕೆಟ್ಟು ಎತ್ತಿಕೊಂಡು ನೀರಿಗಿಳಿದಳು. ಆಮೇಲೆ ಆ ಕೆಂಪು ಬಟ್ಟೆಯನ್ನು ತಿಳಿನೀರಿನಲ್ಲಿ ಅದ್ದಿ ಎತ್ತಿದಳು. ಇನ್ನೊಂದು ತುದಿ ಒಂಬತ್ತು ವರ್ಷದ ಮಗಳ ಕೈಯಲ್ಲಿತ್ತು.

*

ಮಧ್ಯಾಹ್ನದ ಹೊತ್ತಿಗೆ ಮುಂಬಾಗಿಲಲ್ಲಿ ಆರು ಕುರ್ಚಿ ಹಾಕಿದ್ದರು. ನಾಲ್ಕು ಖಾಲಿ. ಅವಳ ಗಂಡ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುವವನು, ಪಾಳಿ ಬಿಟ್ಟು ನೇರ ಬಂದಿದ್ದ. ಸ್ಮಶಾನಕ್ಕೆ ಒಯ್ಯುವ ವಾಹನ ಎರಡು ಗಂಟೆಗೆ ಬರುವುದಿತ್ತು.

"ಎತ್ತೋಕೆ ನಾಲ್ಕು ಜನ ಬೇಕು," ಎಂದು ಗಂಡ ಮೆಲ್ಲಗೆ ಹೇಳಿದ. "ನಾನು, ಮ್ಯಾನೇಜರು, ವ್ಯಾನ್ ಡ್ರೈವರು. ಇನ್ನೊಬ್ರು?"

ಅವಳು ಬೀದಿಯನ್ನು ನೋಡಿದಳು. ಅರ್ಧ ಮನೆಗಳಿಗೆ ಎಂದೋ ಬೀಗ ಬಿದ್ದಿತ್ತು. ಉಳಿದವುಗಳ ಕಿಟಕಿಯ ಪರದೆ ಅಲ್ಲಾಡಿತು, ನಿಂತಿತು. ಎದುರುಮನೆ ಮೇಸ್ತ್ರಿ ಜಗಲಿಯಲ್ಲಿ ಕೂತು ಪೇಪರು ಓದುತ್ತಿದ್ದರು. ಬೆಳಗಿನಿಂದ ಒಂದೇ ಪುಟ.

ಆಗ ಒಂದು ಆಟೋ ಬಂದು ನಿಂತಿತು. ಇಳಿದ ಹೆಂಗಸಿನ ಗಿಡ್ಡ ಕೂದಲು ಪೂರ್ತಿ ಬೆಳ್ಳಗಾಗಿದ್ದರೂ ಕಣ್ಣು ಕಿರಿದಾಗಿಸುವ ರೀತಿಯಿಂದಲೇ ಅವಳಿಗೆ ಗುರುತು ಸಿಕ್ಕಿತು. ಅಮ್ಮನ ಫೋನಿನಲ್ಲಿ ಇದ್ದದ್ದೇ ಐದು ನಂಬರು. ಮ್ಯಾನೇಜರು ಐದಕ್ಕೂ ಸುದ್ದಿ ಮುಟ್ಟಿಸಿದ್ದರು.

ಸಿನಿಮಾದ ಹೆಂಗಸು ಒಳಗೆ ಹೋಗಿ ಬಹಳ ಹೊತ್ತು ನಿಂತು ಹೊರಗೆ ಬಂದರು. ಒಂದೇ ಜಡೆಯ ಹುಡುಗಿ ತನ್ನನ್ನೇ ನುಂಗುವ ಹಾಗೆ ನೋಡುತ್ತಿರುವುದನ್ನು ಕಂಡು, ಪಕ್ಕ ಕೂತು ಫೋನು ತೆಗೆದರು.

"ನಿಮ್ಮಜ್ಜೀನ ತೋರಿಸ್ಲಾ? ಆಗ ಅವರಿಗೂ ನಿಮ್ಮಮ್ಮನಷ್ಟೇ ವಯಸ್ಸು."

ಸಣ್ಣ ಪರದೆಯಲ್ಲಿ ಅಮ್ಮ ಬಗ್ಗಿದಳು, ಎದ್ದಳು. ನೀರು ಸುರಿಯುವ ಕೆಂಪು ಬಟ್ಟೆ ಪರದೆಯ ತುಂಬ ಹರಡಿಕೊಂಡಿತು. ಅಂಚಿನಲ್ಲಿ ಎರಡು ಪುಟ್ಟ ಕೈಗಳು ಮಾತ್ರ ಕಾಣುತ್ತಿದ್ದವು. ಪುಟ್ಟಿ ಪ್ರಶ್ನೆ ಕೇಳುವ ಹಾಗಿರಲಿಲ್ಲ. ಬೆರಳಿನಿಂದ ಆ ಕೈಗಳನ್ನು ತೋರಿಸಿ ಹುಬ್ಬೇರಿಸಿದಳು.

"ನಿಮ್ಮಮ್ಮಂದೇ," ಎಂದು ಹೆಂಗಸು ನಕ್ಕರು.

*

ಸಿನಿಮಾ ಟೀವಿಯಲ್ಲಿ ಬಂತು. ಅಧಿಕಾರಿಗಳು ಬಾಟಲಿಯಲ್ಲಿ ನೀರು ತುಂಬಿಸಿಕೊಂಡು ಹೋದರು. ಐದು ತಿಂಗಳಿಗೆ ಕಾರ್ಖಾನೆಗೆ ಬೀಗ ಬಿತ್ತು. ಕಾಲುವೆ ತಿಳಿಯಾಯಿತು, ಮಕ್ಕಳ ಗಂದೆ ಮಾಯವಾಯಿತು, ಕಪ್ಪೆಗಳು ಮತ್ತೆ ವಟಗುಟ್ಟಿದವು. ಬೀದಿಯ ಗಂಡಸರು ಬೆಳಗ್ಗೆ ಎದ್ದು ಹೋಗಲು ಜಾಗವಿಲ್ಲದೆ ಕಪ್ಪೆಗಳ ಸದ್ದು ಕೇಳುತ್ತ ಕೂತರು.

ಶಾಲೆಯಲ್ಲಿ ಮೇಸ್ತ್ರಿಯ ಮಗಳು ಬೆಂಚು ಬದಲಾಯಿಸಿದಳು. "ನಿಮ್ಮಮ್ಮ ನಮ್ಮಪ್ಪನ ಕೆಲಸ ತೆಗೆಸಿದ್ಳು. ನಿನ್ನ ಜೊತೆ ಠೂ."

ಅವಳಿಗಿದ್ದದ್ದು ಆ ಒಬ್ಬಳೇ ಗೆಳತಿ. ಮೂರು ದಿನ ಒಬ್ಬಳೇ ಊಟದ ಡಬ್ಬಿ ಬಿಚ್ಚಿದಳು. ನಾಲ್ಕನೆಯ ದಿನ ಗೆಳತಿಯ ಬೆಂಚಿಗೆ ಹೋಗಿ, ತನ್ನ ಹತ್ತಿರವಿದ್ದ ಒಂದೇ ಗುಟ್ಟನ್ನು ಅವಳ ಕಿವಿಯಲ್ಲಿ ಇಟ್ಟಳು: "ಆವತ್ತು ನೀರು ಕೆಂಪಗಿರಲೇ ಇಲ್ಲ. ಅದು ಹಿಂದಿನ ದಿನದ ಬಟ್ಟೆ. ಸುಮ್ನೆ ಅದ್ದಿ ಎತ್ತಿದ್ದು. ನಾನೇ ಹಿಡ್ಕೊಂಡಿದ್ದೆ."

ಗೆಳತಿ ಆವತ್ತು ಡಬ್ಬಿ ಹಂಚಿಕೊಂಡಳು. ಸಾಯಂಕಾಲದೊಳಗೆ ಆ ಮಾತು ಬೀದಿಯ ಎರಡೂ ಕೊನೆ ಮುಟ್ಟಿತ್ತು. ಹೇಳಿದ್ದು ಯಾರೆಂಬುದು ದಾರಿಯಲ್ಲೇ ಉದುರಿಹೋಗಿ ಹೇಳಿದ್ದಷ್ಟೇ ಉಳಿದಿತ್ತು. ಮಾರನೆಯ ದಿನದಿಂದ ಅಮ್ಮನ ಹೆಸರು "ನಾಟಕದವಳು". ಅಂಗಡಿಯಲ್ಲಿ ಅವಳ ಸರದಿ ಬಂದಾಗ ಸಾಮಾನು ಮುಗಿದಿರುತ್ತಿತ್ತು. ಯಾರೂ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಮಾತಾದರೂ ಆಗುತ್ತಿತ್ತು.

ಅಮ್ಮ ಮನೆಯಲ್ಲಿ ಯಾರನ್ನೂ ಏನೂ ಕೇಳಲಿಲ್ಲ. ಇವತ್ತು ಕೇಳುತ್ತಾಳೆ, ನಾಳೆ ಕೇಳುತ್ತಾಳೆ ಎಂದು ಮಗಳು ಕಾದಳು. ಕಾಯುವುದನ್ನು ತಾಳಲಾರದೆ, ಬೆಡ್‌ಶೀಟು ಹಿಂಡುವ ಹೊತ್ತಿಗೆ ಸರಿಯಾಗಿ ಪುಸ್ತಕ ಹಿಡಿಯತೊಡಗಿದಳು. ಎದುರುಬದುರು ನಿಂತರೆ ಮುಖ ನೋಡಬೇಕಲ್ಲ. ಒಂದು ದಿನ ಶಾಲೆಯಿಂದ ಬಂದಾಗ ಕಂಬಕ್ಕೆ ಕೊಕ್ಕೆ ಹೊಡೆದಿತ್ತು.

"ನೀನು ಓದ್ಕೋ," ಎಂದಳು ಅಮ್ಮ ಕೊಕ್ಕೆಯನ್ನು ತೋರಿಸಿ. "ಇವನಿಗೆ ಹೋಂವರ್ಕ್ ಇಲ್ಲ."

*

"ತಪ್ಪು ನಂದು," ಎಂದರು ಸಿನಿಮಾದ ಹೆಂಗಸು, ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡು. "ಇನ್ನೊಂದು ದಿನ ಕಾದಿದ್ರೆ ನೀರೇ ಕೆಂಪಾಗಿ ಬರ್ತಿತ್ತು. ನನಗೆ ಬಸ್ಸಿನ ಅವಸರ. ಊರಲ್ಲಿ ಹೀಗೆ ಮಾತಾಡ್ತಿದಾರೆ ಅಂತ ಗೊತ್ತಾದಾಗ ಲಾಡ್ಜಿಗೆ ಫೋನ್ ಮಾಡಿ ಅವರನ್ನ ಕರೆಸಿದೆ. ನಾನು ಬಂದು ಎಲ್ಲರ ಮುಂದೆ ಹೇಳ್ತೀನಿ, ಮಾಡ್ಸಿದ್ದು ನಾನು ಅಂತ, ಅಂದೆ. ನಿಮ್ಮಮ್ಮ ಬೇಡವೇ ಬೇಡ ಅಂದ್ರು."

"ಯಾಕೆ?" ಎಂದಳು ಅವಳು.

"'ಸ್ಕೂಲಲ್ಲಿ ಒಂದು ಮಗು ಬಾಯಿ ಬಿಟ್ಟಿದೆ. ನೀವು ಬಂದು ಮಾತೆತ್ತಿದ್ರೆ ಯಾವ ಮಗು ಅಂತ ಹುಡುಕ್ತಾರೆ. ಆ ಮಗೂಗೆ ಆ ಪಾಡು ಬೇಡ. ನನ್ನನ್ನ ಏನಾದ್ರೂ ಅಂದ್ಕೊಳ್ಳಲಿ, ನನ್ನ ಬೆನ್ನು ಗಟ್ಟಿ' ಅಂದ್ರು. ಯಾವ ಮಗು ಅಂತ ನಾನೂ ಕೇಳಲಿಲ್ಲ."

ಅವಳು ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದಳು. ಮೂವತ್ತು ವರ್ಷ. ಅಮ್ಮನಿಗೆ ಗೊತ್ತಿಲ್ಲ ಎಂದುಕೊಂಡೇ ಅವಳು ಈ ಅಂಗಳಕ್ಕೆ ಬಂದು ಹೋಗುತ್ತಿದ್ದಳು. ಬಂದಾಗಲೆಲ್ಲ ಗಡಿಯಾರ ನೋಡುತ್ತಿದ್ದಳು.

ವಾಹನ ಬಂತು. ಅದರ ಹಿಂದೆಯೇ ಮೇಸ್ತ್ರಿ ಬೀದಿ ದಾಟಿ ಬಂದರು. ಪೇಪರು ಇನ್ನೂ ಕಂಕುಳಲ್ಲೇ ಇತ್ತು. ಹೊಸ್ತಿಲಿನ ಹೊರಗೇ ನಿಂತು ಕೆಮ್ಮಿದರು. ಕಾರ್ಖಾನೆ ಕೊಟ್ಟ ಕೆಮ್ಮು, ಕಾರ್ಖಾನೆ ಹೋದರೂ ಅವರನ್ನು ಬಿಟ್ಟಿರಲಿಲ್ಲ.

"ಎತ್ತೋಕೆ ಜನ ಸಾಲಲ್ವಂತೆ. ಅದಕ್ಕೆ ಬಂದೆ. ಬೇರೇನೂ ಇಲ್ಲ."

"ಬನ್ನಿ ಮೇಸ್ತ್ರೀ," ಎಂದ ಅವಳ ಗಂಡ.

ಮೇಸ್ತ್ರಿಯ ಕಣ್ಣು ಗಿಡ್ಡ ಕೂದಲಿನವರ ಮೇಲೆ ಬಿತ್ತು. "ಓ, ನೀವಾ! ಆವತ್ತು ನೀರು ತಿಳಿಯಾಗಿತ್ತು ಕಣಮ್ಮ."

"ಹೌದು. ತಿಳಿಯಾಗಿತ್ತು," ಎಂದರು ಅವರು.

"ಯಾಕಿತ್ತು ಗೊತ್ತಾ? ಬಣ್ಣದ ನೀರು ಬಿಡೋ ವಾಲ್ವ್ ತಿರುಗಿಸ್ತಿದ್ದೋನೇ ನಾನು. ನೀವು ಬರ್ತೀರ ಅಂತ ಮೇಲಿನವರು ಆವತ್ತು ತಿರುಗಿಸ್ಬೇಡ ಅಂದ್ರು. ನಾನು ತಿರುಗಿಸಲಿಲ್ಲ." ಮೇಸ್ತ್ರಿ ಮತ್ತೆ ಕೆಮ್ಮಿದರು. "ಅವಳನ್ನ ನಾಟಕದವಳು ಅಂದೆ. ನಾನು ಆಡಿದ್ದೂ ನಾಟಕಾನೇ. ಅವಳಿಗೆ ಮಾತ್ರ ಹೆಸರು ಬಂತು."

ಸಿನಿಮಾದ ಹೆಂಗಸು ಕೇಳಿದರು: "ಅದ್ಯಾವುದೋ ಮಗು ಹೇಳಿದ್ದಂತಲ್ಲ, ಯಾರು ಅಂತ ನಿಮಗೆ ಗೊತ್ತಿತ್ತೇನೋ?"

ಮೇಸ್ತ್ರಿ ಅವಳ ಕಡೆ ನೋಡಿದರು. ಒಂದು ಗಳಿಗೆ, ಅಷ್ಟೇ. ಅವರಿಗೆ ಗೊತ್ತಿದೆ ಎಂಬುದು ಅವಳಿಗೆ ಆ ಗಳಿಗೆಯಲ್ಲೇ ತಿಳಿಯಿತು.

"ಮಕ್ಕಳು ಮಾತಾಡ್ತಾವೆ," ಎಂದು ಅವರು ಪೇಪರನ್ನು ಕುರ್ಚಿಯ ಮೇಲಿಟ್ಟು ಅಂಗಿಯ ತೋಳು ಮಡಿಸಿದರು. "ನಡೀರಿ, ಎತ್ತೋಣ."

ಮೇಸ್ತ್ರಿ ನೋಡಿದ್ದನ್ನು ಇನ್ನೊಬ್ಬಳೂ ನೋಡಿದ್ದಳು. ಬಾಗಿಲ ಪಕ್ಕ ನಿಂತಿದ್ದ ಪುಟ್ಟಿ ಬಾಯಿ ತೆರೆದವಳು ಕೈಯಿಂದ ಮುಚ್ಚಿಕೊಂಡಳು.

*

ಎಲ್ಲ ಮುಗಿಸಿ ಬಂದಾಗ ಬಿಸಿಲು ಇನ್ನೂ ಅಂಗಳದ ಅರ್ಧದಲ್ಲಿತ್ತು. ಸಿನಿಮಾದ ಹೆಂಗಸು ಹೊರಟುಹೋಗಿದ್ದರು. ಗಂಡ ಕುರ್ಚಿಗಳನ್ನು ವಾಪಸು ಕೊಡಲು ಹೋಗಿದ್ದ. ಮ್ಯಾನೇಜರು ಒಣಗಿದ ಬಟ್ಟೆಯ ಗಂಟು ಹೊತ್ತು, "ಅದೊಂದು ಬಿಡಿ, ಪರವಾಗಿಲ್ಲ," ಎಂದು ಕೊಕ್ಕೆಯ ಕಡೆ ನೋಡದೆಯೇ ಹೇಳಿ ಹೋದರು.

ಬಿಟ್ಟರೆ ಹೇಗೆ? ಅಮ್ಮ ಒಂದೇ ಒಂದು ದಿನವೂ ತಡ ಮಾಡಿದವಳಲ್ಲ.

ಅವಳು ಕೊಕ್ಕೆಯಿಂದ ಗಂಟು ಬಿಚ್ಚಿದಳು. ತಿರುವಿನ ಸುಕ್ಕಿನಲ್ಲೇ ಒಣಗಿ ಸೆಟೆದಿದ್ದ ಬಟ್ಟೆಯನ್ನು ನಲ್ಲಿಯ ಕೆಳಗೆ ನೆನೆಸಿ, ನೆಲಕ್ಕೆ ತಾಗಿದ್ದ ತುದಿಯನ್ನು ಉಜ್ಜಿ ಜಾಲಾಡಿದಳು. ಎತ್ತಿದರೆ ಮಣಭಾರ. ಎಪ್ಪತ್ತು ದಾಟಿದ ಕೈಗಳು ಇದನ್ನು ದಿನಕ್ಕೆ ಎಷ್ಟು ಸಲ ಎತ್ತಿದ್ದವೋ. ಅಭ್ಯಾಸವಿಲ್ಲದೆಯೂ ಅವಳ ಕೈ ಕೊಕ್ಕೆಯ ಕಡೆಗೇ ಹೋಯಿತು.

ಅಷ್ಟರಲ್ಲಿ ಪುಟ್ಟಿ ಬಂದು ಆ ತುದಿಯನ್ನು ಹಿಡಿದುಕೊಂಡಳು. ಎಡಗಡೆಯ ಜಡೆ ಸಡಿಲವಾಗಿತ್ತು, ಬಲಗಡೆಯ ಕೂದಲು ಮುಖದ ತುಂಬ.

"ಗಟ್ಟಿಯಾಗಿ ಹಿಡ್ಕೋ. ನಿನ್ನ ಬಲಕ್ಕೆ ತಿರುಗ್ಸು. ನಾನು ನನ್ನ ಬಲಕ್ಕೆ."

ಪುಟ್ಟಿ ತಿರುಗಿಸಿದಳು. ಅವಳೂ ತಿರುಗಿಸಿದಳು. ಬಟ್ಟೆ ಹಗ್ಗವಾಯಿತು, ಹಗ್ಗ ಬಿಗಿಯಿತು, ನಡುವಿನಿಂದ ನೀರು ಮೊದಲು ಧಾರೆಯಾಗಿ, ಆಮೇಲೆ ಹನಿಹನಿಯಾಗಿ ಕಲ್ಲಿನ ಮೇಲೆ ಬಿತ್ತು. ಅವಳು ತಲೆ ತಗ್ಗಿಸಿ ಆ ಹನಿಗಳನ್ನೇ ನೋಡುತ್ತಿದ್ದಳು. ಎದುರಿನಿಂದ ಹಿಡಿತ ಸಡಿಲವಾಗಲಿಲ್ಲ. ಆದರೆ ತಿರುಗಿಸುವುದು ನಿಂತಿತು.

ಅವಳು ತಲೆ ಎತ್ತಿದಳು. ಪುಟ್ಟಿ ನೇರ ಅವಳ ಮುಖವನ್ನೇ ನೋಡುತ್ತಿದ್ದಳು.

"ಅಮ್ಮಾ, ಒಂದೇ ಒಂದು ಕೇಳ್ಲಾ?"

ಅವಳು ತನ್ನ ತುದಿಯನ್ನು ಕೈಬಿಡಲಿಲ್ಲ.

"ಆ ಮಗು ನೀನಾ?"